ವರ್ಷಕ್ಕೊಂದು ಸಲ ಸತ್ಯವೇದ (ಬೈಬಲ್) ಮುಗಿಸಿದ್ರೆ ದೇವರಿಗೆ ಹತ್ತಿರ ಆಗ್ತೀವಾ?

ಬೆಳಗಿನಜಾವ: ಹೊಸ ವರ್ಷ ಬಂತು ಅಂದ್ರೆ ಸಭೆಗಳಲ್ಲಿ ಓದೋ ಪಟ್ಟಿ ಹಂಚ್ತಾರೆ. ಲೆಕ್ಕ ಹಾಕಿ: 1189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯೋ ಹೊತ್ತಿಗೆ ಜನವರಿ ಕೊನೆ. ಮುಂದೆ ಯಾಜಕಕಾಂಡ, ಬರೀ ಬಲಿ, ಶುದ್ಧಿಯ ನಿಯಮಗಳು. ಬಹಳ ಜನ ಮಗುಚಿಡೋದು ಅಲ್ಲೇ. ಹಟ ಹಿಡಿದು ಹೋದವರಿಗೂ ಮೊದಲ ಸುವಾರ್ತೆ ಮತ್ತಾಯ ಸಿಗೋದು ಅಕ್ಟೋಬರ್‌ನಲ್ಲಿ. ಒಂಬತ್ತು ತಿಂಗಳು ಸುವಾರ್ತೆ ತೆರೆಯದೆ ಯೇಸುವಿನ ಜೊತೆ ಒಡನಾಟ ಹೇಗೆ? ಮಾರ್ಕನ 16 ಅಧ್ಯಾಯವನ್ನೇ ಎರಡು ತಿಂಗಳು ಓದಿ ಅಂತೀನಿ.

ಸಂಡೇಸ್ಕೂಲ್ ಬೆಂಚು: ತಪ್ಪು ಪಟ್ಟಿಯದ್ದಲ್ಲ ಬ್ರದರ್, ಒಂದೇ ಸಾಲಾಗಿ ಓದೋದರದ್ದು. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮಕ್‌ಶೇನ್ 1842ರಲ್ಲಿ ಮಾಡಿದ ಪಟ್ಟಿಯಲ್ಲಿ ಮೊದಲ ದಿನವೇ ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು, ನಾಲ್ಕರಲ್ಲೂ ಒಂದೊಂದು ಅಧ್ಯಾಯ. ಎರಡು ಕುಟುಂಬ ಪ್ರಾರ್ಥನೆಗೆ, ಎರಡು ಏಕಾಂತಕ್ಕೆ. ಅಗಲವಾಗಿ ಓದದವರು ಏನು ಮಾಡ್ತಾರೆ ಗೊತ್ತಲ್ಲ? ಒಳ್ಳೆಯ ಭವಿಷ್ಯ ಕೊಡ್ತೀನಿ ಅನ್ನೋ ಯೆರೆಮೀಯ 29:11 ಕ್ಯಾಲೆಂಡರಿನಲ್ಲಿ ನೋಡಿ, 'ಈ ಕೆಲಸ ಸಿಗುತ್ತೆ ಅಂತ ದೇವರೇ ಹೇಳಿದ' ಅಂತಾರೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಒಂದು ವಚನ ಹಿಂದೆ ಹೋದ್ರೆ 70 ವರ್ಷ ಕಾಯಬೇಕು ಅಂತಿದೆ!

ಜಪಸರ: ಅದಕ್ಕೇ ನಮ್ಮ ಕಥೋಲಿಕರಲ್ಲಿ ಲೆಕ್ಸಿಯೊ ದಿವೀನಾಗೂ, ಅಂದ್ರೆ ಸತ್ಯವೇದವನ್ನ ನಿಧಾನಕ್ಕೆ ಪ್ರಾರ್ಥನೆಯಾಗಿ ಓದೋದಕ್ಕೂ, ಒಂದು ಕ್ರಮ ಇಟ್ಟಿದ್ದಾರೆ. 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೊ ನಾಲ್ಕು ಮೆಟ್ಟಿಲು ಹೇಳಿದ: ಓದು, ಧ್ಯಾನ, ಪ್ರಾರ್ಥನೆ, ಕೊನೆಗೆ ದೇವರಲ್ಲೇ ಮನಸ್ಸಿಟ್ಟು ಸುಮ್ಮನಿರೋ ಕಾಂಟೆಂಪ್ಲೇಶನ್. ಆರರಿಂದ ಹತ್ತು ವಚನ ಸಾಕು, 20 ನಿಮಿಷ. ಮೊದಲ ಸಲ ಬಾಯಿಬಿಟ್ಟು ಓದಿ, ಯಾರು ಯಾರಿಗೆ ಹೇಳಿದ್ದು ನೋಡ್ಕೊಳ್ಳಿ. ಯೆರೆಮೀಯನ ಎಡವಟ್ಟು ಇಲ್ಲೇ ತಪ್ಪುತ್ತೆ. ಎರಡನೇ ಸಲ ನಿಧಾನಕ್ಕೆ, ಮನಸ್ಸು ಎಲ್ಲಿ ತಡೆಯುತ್ತೋ ಆ ಪದದಲ್ಲಿ ನಿಲ್ಲಿ. ಮೂರನೇ ಸಲ ಅದೇ ಪದ ಹಿಡ್ಕೊಂಡು ದೇವರಿಗೆ ಉತ್ತರ ಕೊಡಿ. ಆಮೇಲೆ ಸುಮ್ಮನಿರಿ. ಹೆಚ್ಚಿನವರು ಕೆಡಿಸೋದು ಎರಡನೇ ಮೆಟ್ಟಿಲಲ್ಲಿ: ತಮಗೆ ಸಿಕ್ಕಿದ್ದನ್ನ ಭಾನುವಾರ ಯಾರಿಗೆ ಹೇಳೋಣ ಅಂತ ಮನಸ್ಸಲ್ಲೇ ಪ್ರಸಂಗ ಶುರು ಮಾಡ್ತಾರೆ. ಅಲ್ಲಿಗೆ ಪ್ರಾರ್ಥನೆ ಮುಗೀತು.

ಬೆಳಗಿನಜಾವ: ಒಪ್ಪಿದೆ. ಆದ್ರೆ ಉತ್ತರ ಕೊಡಿ ಅಂದಾಗ ನಮ್ಮ ಜನಕ್ಕೆ ಬರೋದು ಬೇಡಿಕೆ ಪಟ್ಟಿ ಒಂದೇ.

ಹದಿಮೂರನೇ ಕೀರ್ತನೆ: ಬೇಡಿಕೆ ತಪ್ಪಲ್ಲ, ದೂರು ಬಿಟ್ಟುಬಿಡ್ತೀವಲ್ಲ, ಅದು ತಪ್ಪು. ಕೀರ್ತನೆ 13 ನೋಡಿ, ಆರೇ ವಚನ. ಮೊದಲ ಎರಡರಲ್ಲಿ 'ಎಷ್ಟರವರೆಗೆ' ಅಂತ ಕೀರ್ತನೆಗಾರ ದೇವರನ್ನ ನಾಲ್ಕು ಸಲ ಕೇಳ್ತಾನೆ, ಮೂರು ನಾಲ್ಕರಲ್ಲಿ ಬೇಡಿಕೆ, ಕೊನೆಗೆ ಭರವಸೆ. ನಾವು ಸೀದಾ ಸ್ತೋತ್ರಕ್ಕೆ ಹಾರ್ತೀವಿ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ನಿಲ್ಲುತ್ತೆ, ಆದರೂ ಅದು ಸತ್ಯವೇದದಲ್ಲಿದೆ. ದಿನಕ್ಕೆ ಐದರಂತೆ 150ನ್ನೂ ತಿಂಗಳಲ್ಲಿ ಓದಬಹುದು. 119ನೇದಕ್ಕೆ 176 ವಚನ, ಅದಕ್ಕೇ ಬೇರೆ ದಿನ ಇಡಿ.

ಸಂಡೇಸ್ಕೂಲ್ ಬೆಂಚು: ಏನೂ ಅನ್ನಿಸದೆ ಒಣಗಿರೋ ದಿನಗಳಲ್ಲಿ? ಆಗಲೂ ಐದು ಕೀರ್ತನೆಯೇ?

ಜಪಸರ: ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ಸಲಹೆ ಕಠಿಣ: ಒಣಗಿದಾಗ ಮೊದಲು ಮಾಡಿದ ತೀರ್ಮಾನ ಬದಲಿಸಬೇಡಿ, ಪ್ರಾರ್ಥನೆ ಕಡಿಮೆ ಮಾಡೋ ಬದಲು ಇಟ್ಟ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂತಿರಿ. ಹಾಗಂತ ನಿದ್ದೆಗೆಟ್ಟು, ಊಟ ಬಿಟ್ಟು ಸುಸ್ತಾಗಿರೋರಿಗೆ ಮೊದಲು ನಿದ್ದೆ ಬೇಕು. ಎಲ್ಲದಕ್ಕೂ ಆತ್ಮದ ಹೆಸರಿಡಬೇಡಿ.

ಮೊಣಕಾಲು: ಇಷ್ಟೊತ್ತೂ ಎಲ್ಲರೂ ಬಾಗಿಲು ಹಾಕ್ಕೊಂಡ ಕೋಣೆ ಬಗ್ಗೆಯೇ ಮಾತಾಡಿದ್ರಿ. ಮತ್ತಾಯ 5:23-24? ಸಹೋದರನಿಗೆ ನಿಮ್ಮ ಮೇಲೆ ಏನಾದ್ರೂ ದೂರು ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಅಂದ ಯೇಸು. ಆಸ್ತಿ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು, ನಾಲ್ಕು ಗಂಟೆಗೆದ್ದು ಪ್ರಾರ್ಥನೆ ಮಾಡಿದ್ರೆ ಒಣಗದೆ ಇನ್ನೇನಾಗುತ್ತೆ?

ಹದಿಮೂರನೇ ಕೀರ್ತನೆ: ಅಣ್ಣ ಫೋನೇ ಎತ್ತದಿದ್ರೆ?

ಮೊಣಕಾಲು: ರೋಮಾಪುರದವರಿಗೆ 12:18. ಎಲ್ಲರ ಜೊತೆ ಸಮಾಧಾನವಾಗಿರಿ ಅನ್ನುವಾಗ 'ನಿಮ್ಮಿಂದಾದ ಮಟ್ಟಿಗೆ' ಅಂತ ಪೌಲ ಅಳತೆ ಇಟ್ಟಿದ್ದಾನೆ. ಫೋನ್ ಮಾಡೋದು ನಿಮ್ಮ ಕೈಲಿದೆ, ಎತ್ತೋದು ಅವರ ಕೈಲಿ. ಮಾಡಿ, ಆಮೇಲೆ ಹೋಗಿ ಮೊಣಕಾಲೂರಿ.