ಆಟ ರದ್ದಾಗಲಿ ಅಂತ ಮಳೆ ಕೇಳಿಕೊಂಡಿದ್ದೆ, ನಿಮಗೂ ಹೀಗೆಲ್ಲ ಆಗುತ್ತಾ?

ಸಕಲೇಶಪುರದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ನಾಚಿಕೆಯ ವಿಷಯ, ಹಾಗಾಗಿ ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ.

2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನ ಕೊನೆಯ ಸುತ್ತು ಆಡುತ್ತಿದ್ದರು. ನಾನು ಅದಕ್ಕೂ ಮೊದಲು ಜನ್ಮದಲ್ಲಿ ಗಾಲ್ಫ್ ನೋಡಿದವಳಲ್ಲ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ ಅನ್ನೋದು ತಲೆಗೆ ಹೋಗಲಿಕ್ಕೇ ಅರ್ಧ ಗಂಟೆ ಬೇಕಾಯಿತು. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದ ಹುಡುಗಿ, ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಜೊತೆಗೆ ಬ್ಯಾಗು ಹೊತ್ತುಕೊಂಡು ನಡೆಯುತ್ತಿದ್ದದ್ದು ಅವರ ತಾಯಿ. ನಮ್ಮಮ್ಮನಿಗೆ ಅಷ್ಟೇ ಸಾಕಾಯಿತು. ಒಲೆ ಆರಿಸಿ ಬಂದು ಕೂತರು. "ಇದರಲ್ಲಿ ಹೊಡೆಯೋದಕ್ಕಿಂತ ನಡೆಯೋದೇ ಜಾಸ್ತಿ ಅಲ್ವೇನೇ" ಅಂದರು.

ಈಗ ವಿಷಯಕ್ಕೆ ಬರ್ತೀನಿ. ಅಲ್ಲಿ ಬಿರುಗಾಳಿ ಮಳೆ ಬರಬಹುದು, ನಾಲ್ಕನೇ ಸುತ್ತು ಮುಗಿಯದಿದ್ದರೆ ಮೂರು ಸುತ್ತಿನ ಲೆಕ್ಕದಲ್ಲೇ ಪದಕ ಕೊಡಬಹುದು ಅಂತ ಹಿಂದಿನ ದಿನವೇ ಸುದ್ದಿ ಇತ್ತು. ಹಾಗಾದರೆ ಅದಿತಿಗೆ ಬೆಳ್ಳಿ! ನೋಡಿ, ಆಗಸ್ಟ್‌ನಲ್ಲಿ ಸಕಲೇಶಪುರದ ಕಡೆಯವರು ಯಾರಾದರೂ ಮಳೆ ಬರಲಿ ಅಂತಾರಾ? ಬಟ್ಟೆ ಒಣಗಿ ವಾರಗಳಾಗಿರುತ್ತೆ, ಕಾಫಿ ಕಾಯಿ ಉದುರ್ತಾ ಇರುತ್ತೆ, ಕೊಳೆರೋಗದ ಹೆದರಿಕೆ ಬೇರೆ, ಸಾಕಪ್ಪಾ ಸಾಕು ನಿಲ್ಲು ಅಂತ ಕೈ ಮುಗಿಯೋ ಕಾಲ ಅದು. ಅಂಥ ಊರಲ್ಲಿ ಕೂತು ನಾನು ಮಳೆ ಸುರಿಯಲಿ, ಚೆನ್ನಾಗಿ ಸುರಿಯಲಿ, ಟೋಕಿಯೊದಲ್ಲಿ ಮಾತ್ರ ಸುರಿಯಲಿ ಅಂತ ಬೇಡಿಕೊಂಡೆ. ಬಂತು ಕೂಡ! ಇನ್ನೇನು ಚೆಂಡು ಹಾಕೋ ಕೊನೆಯ ಕೆಲವು ಗುಂಡಿ ಬಾಕಿ ಇದ್ದಾಗ ಆಟ ನಿಲ್ಲಿಸಿದರು. ಅದೇ ಹೊತ್ತಿಗೆ ನಮ್ಮಲ್ಲಿ ಕರೆಂಟ್ ಹೋಯಿತು. ಮೊಬೈಲ್ ಹಿಡ್ಕೊಂಡು ಅಡುಗೆಮನೆ ಕಿಟಕಿಗೆ ಓಡಿದೆ, ನೆಟ್‌ವರ್ಕ್ ಒಂದು ಕಡ್ಡಿ ಸಿಗೋದು ಅಲ್ಲೇ. ಅಷ್ಟರಲ್ಲಿ ಅಲ್ಲಿ ಮಳೆ ಬಿಟ್ಟು ಆಟ ಮತ್ತೆ ಶುರು. ಅದಿತಿ ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು.

ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಆದರೆ ರಾತ್ರಿ ಮಲಗಿದ ಮೇಲೆ ನೀರಜ್ ನೆನಪಾಗಲಿಲ್ಲ, ಆ ಮಳೆ ನೆನಪಾಯಿತು. ಬೇರೆಯವರು ಆಡಿ ಗೆಲ್ಲೋದನ್ನ ಮಳೆ ತಪ್ಪಿಸಲಿ ಅಂತ ಕೇಳಿದೆನಲ್ಲ, ಇದು ಅಭಿಮಾನವಾ, ಕಳ್ಳಬುದ್ಧಿಯಾ? ನಿಮಗೂ ಹೀಗೆ ಆಗಿದೆಯಾ?

ಚಿಕ್ಕಮಗಳೂರು ಸ್ಮ್ಯಾಶ್:

ನೀವು ಕೇಳಿದ್ದು ಬರೀ ಮಳೆ. ನಾನು ಒಬ್ಬ ಮನುಷ್ಯನ ಕಾಲು ಉಳುಕಲಿ ಅಂದುಕೊಂಡವನು.

ಪ್ಯಾರಿಸ್ ಒಲಿಂಪಿಕ್ಸ್, 2024ರ ಆಗಸ್ಟ್ 4, ಭಾನುವಾರ. ಭೀಮನ ಅಮಾವಾಸ್ಯೆ. ಬೆಳಗ್ಗೆ ಮುಗಿಯಬೇಕಿದ್ದ ಪೂಜೆ ನೆಂಟರು ಬಂದು ಮಧ್ಯಾಹ್ನಕ್ಕೆ ಬಿತ್ತು. ತಟ್ಟೆಯಲ್ಲಿ ನನ್ನ ಕಾಲು, ಟಿವಿಯಲ್ಲಿ ಕಣ್ಣು. ಬ್ರಿಟನ್ ವಿರುದ್ಧ ಹಾಕಿ ಕ್ವಾರ್ಟರ್ ಫೈನಲ್, ನಮ್ಮ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ತೋರಿಸಿದಾಗ ನಾನು ಎದ್ದು ನಿಂತ ರಭಸಕ್ಕೆ ಅರಿಶಿನದ ನೀರೆಲ್ಲ ನೆಲದ ಮೇಲೆ. ಹೆಂಡತಿ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ. ಹತ್ತೇ ಜನ ಆಡಿ 1-1ಕ್ಕೆ ತಡೆದು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರಲ್ಲ, ಗೋಲ್‌ಕೀಪರ್ ಶ್ರೀಜೇಶ್ ಅವತ್ತು ಗೋಡೆ!

ಆಮೇಲೆ ಬ್ಯಾಡ್ಮಿಂಟನ್‌ನಲ್ಲಿ ಲಕ್ಷ್ಯ ಸೆನ್ ಸೆಮಿಫೈನಲ್, ಎದುರಿಗೆ ಡೆನ್ಮಾರ್ಕಿನ ಅಕ್ಸೆಲ್‌ಸೆನ್. ಮೊದಲ ಗೇಮ್ 20-17. ಇನ್ನೊಂದು ಪಾಯಿಂಟ್ ಸಾಕು. ಕೈ ಬಿಟ್ಟ. ಎರಡನೇದರಲ್ಲಿ 7-0 ಮುಂದೆ. ಅದನ್ನೂ ಬಿಟ್ಟ. ನಾನು ವಾರಕ್ಕೆ ಮೂರು ದಿನ ಷಟಲ್ ಆಡ್ತೀನಿ, 7-0 ಇದ್ದು ಸೋಲೋದು ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು, ಕೈ ಭಾರ ಆಗುತ್ತೆ, ರ‍್ಯಾಕೆಟ್ ಹಿಡಿಕೆ ಜಾರುತ್ತೆ, ಎದುರಿನವನು ಮಾತ್ರ ಉದ್ದ ಆಗ್ತಾ ಹೋಗ್ತಾನೆ. 7-5 ಆದಾಗ ಆ ಪುಣ್ಯಾತ್ಮನ ಕಾಲು ಸ್ವಲ್ಪ ಉಳುಕಬಾರದಾ ಅನ್ನಿಸಿಬಿಡ್ತು. ಪೂಜೆಯ ದಿನ ಬೇರೆ! ಮರುದಿನ ಲಕ್ಷ್ಯ ಕಂಚಿನ ಪಂದ್ಯದಲ್ಲೂ ಸೋತ. ನನ್ನ ಪಾಪವೇ ಇರಬೇಕು.

ದಿನಸಿ ಅಂಗಡಿ, ಹಾಸನ:

ಕಳ್ಳಬುದ್ಧಿ ಏನಲ್ಲಮ್ಮ. ಮಳೆಗೆ ನಿಂತರೆ ಮೂರು ಸುತ್ತಿನ ಲೆಕ್ಕ ಅನ್ನೋದೂ ನಿಯಮವೇ ತಾನೇ. ನಿಯಮದ ಒಳಗೇ ಆಸೆ ಪಟ್ಟಿದ್ದೀರಿ.

ನಿಯಮದ ವಿಷಯ ಬಂತಲ್ಲ, ನನ್ನದೊಂದು. 2024ರ ಆಗಸ್ಟ್ 7. ಹಿಂದಿನ ದಿನ ನಮ್ಮ ಕುಸ್ತಿಪಟು ವಿನೇಶ್ ಫೋಗಟ್ ಜಪಾನಿನ ಸುಸಾಕಿಯನ್ನ ಕೆಡವಿದ್ದಳು, ಅಲ್ಲಿಯವರೆಗೆ ಬೇರೆ ದೇಶದ ಯಾರ ಕೈಲೂ ಸೋಲದಿದ್ದವಳು ಆಕೆ. ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್. ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿದ್ದೆ, ಮೊಬೈಲಿಗೆ ಸುದ್ದಿ ಬಂತು: 50 ಕೆಜಿಗಿಂತ 100 ಗ್ರಾಂ ಜಾಸ್ತಿ, ಅನರ್ಹ. ಅದೇ ಹೊತ್ತಿಗೆ ಎದುರಿಗೆ ನಿಂತಿದ್ದ ಅಜ್ಜಿ "ನೂರು ಗ್ರಾಂ ಸಾಸಿವೆ ಕೊಡಪ್ಪ" ಅಂದರು. ತೂಗಿ ಪೊಟ್ಟಣ ಕಟ್ಟಿ ಕೈಯಲ್ಲಿ ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಮುಷ್ಟಿ ಮುಚ್ಚಿದರೆ ಪೂರಾ ಒಳಗೆ ಹೋಗುತ್ತೆ. ಹಳೇ ಗಿರಾಕಿ ಐದು ಕೆಜಿ ಅಕ್ಕಿ ತಗೊಂಡರೆ ನಾನು ಕೊಸರು ಅಂತ ಹಾಕೋದೇ ಅದಕ್ಕಿಂತ ಜಾಸ್ತಿ ಆಗುತ್ತೆ.

ಆದರೂ ನನ್ನ ಅಭಿಪ್ರಾಯ, ಎರಡನೇ ದಿನ ಬೆಳಗ್ಗೆಯೂ ತೂಕ ಕೊಡಬೇಕು ಅನ್ನೋದು ಎಲ್ಲರಿಗೂ ಒಂದೇ. ಕೂದಲು ಕತ್ತರಿಸಿದರು, ರಾತ್ರಿಯಿಡೀ ಬೆವರಿಳಿಸಿದರು, ಆಗಲಿಲ್ಲ. ತಕ್ಕಡಿ ಯಾರ ಮುಖವನ್ನೂ ನೋಡಲ್ಲ. ನಾನೇ ಇದನ್ನ ಹೇಳದಿದ್ದರೆ ಇನ್ಯಾರು ಹೇಳ್ತಾರೆ.

ಮುಳ್ಳಯ್ಯನಗಿರಿ ಗಾಳಿ:

@ದಿನಸಿ ಅಂಗಡಿ, ತಕ್ಕಡಿ ಸರಿ ಸಾರ್, ಒಪ್ಪಿದೆ. ಆದರೆ ಮೊದಲ ದಿನ ಸರಿಯಾಗಿ ತೂಗಿ, ಸರಿಯಾಗಿ ಗೆದ್ದ ಮೂರು ಕುಸ್ತಿ ಯಾಕೆ ಲೆಕ್ಕಕ್ಕಿಲ್ಲ? ಬೆಳ್ಳಿಯಾದರೂ ಕೊಡಿ ಅಂತ ಕ್ರೀಡಾ ನ್ಯಾಯಮಂಡಳಿಗೆ ಹೋದರೂ ಮೇಲ್ಮನವಿ ತಿರಸ್ಕಾರ ಆಯಿತು. ಸೆಮಿಫೈನಲ್‌ನಲ್ಲಿ ಅವಳ ಕೈಲೇ 5-0 ಸೋತ ಕ್ಯೂಬಾದ ಹುಡುಗಿ ಫೈನಲ್‌ಗೆ ಹೋದಳು. ನಿಮ್ಮ ಅಂಗಡಿಯಲ್ಲಿ ಬೇಳೆ 100 ಗ್ರಾಂ ಜಾಸ್ತಿ ಬಂತು ಅಂತ ನಿನ್ನೆ ತಗೊಂಡ ಅಕ್ಕಿನೂ ವಾಪಸ್ ಕಿತ್ತುಕೊಳ್ತೀರಾ?

ದಿನಸಿ ಅಂಗಡಿ, ಹಾಸನ:

ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಅಂಗಡಿಗೆ ಬನ್ನಿ, ಕಾಫಿ ಕುಡಿಯೋಣ.

ಹಳೇ ಹೈಜಂಪು:

ಎಲ್ಲ ಓದಿದೆ. ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಹಾಸನದವರು, ಚಿಕ್ಕಮಗಳೂರಿನವರು ಇಷ್ಟು ಜನ ಇದ್ದೀರಿ, ಎಲ್ಲರೂ ಆಗಸ್ಟ್‌ನಲ್ಲೇ ಟಿವಿ ಆರಿಸಿಬಿಟ್ಟಿದ್ದೀರಲ್ಲ. ಒಲಿಂಪಿಕ್ಸ್ ಮುಗಿದ ಮೇಲೆ ನಡೆಯೋ ಅಂಗವಿಕಲರ ಪ್ಯಾರಾಲಿಂಪಿಕ್ಸ್ ನೋಡೇ ಇಲ್ವಾ?

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದೇ ಒಂದು ಪದಕ. ತಂದುಕೊಟ್ಟವರು ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ, ಹೈಜಂಪ್, 1.74 ಮೀಟರ್, ಬೆಳ್ಳಿ. ಒಂದು ಕಾಲು ಸರಿಯಿಲ್ಲದೆ ಅಷ್ಟು ಎತ್ತರ! ನಾನು ಹೈಸ್ಕೂಲಲ್ಲಿ ಎರಡೂ ಕಾಲು ಇಟ್ಟುಕೊಂಡು ಒಂದೂವರೆ ಮೀಟರಿಗೆ ಕೋಲು ಬೀಳಿಸ್ತಿದ್ದೆ. ಮನೆಯ ಬಾಗಿಲ ಚೌಕಟ್ಟಿಗೆ 1.74ಕ್ಕೆ ಪೆನ್ಸಿಲ್ ಗೆರೆ ಎಳೆದು ನೋಡಿ, ಗೊತ್ತಾಗುತ್ತೆ.

ಇನ್ನು ಸುಹಾಸ್ ಯತಿರಾಜ್, ಹುಟ್ಟಿದ್ದು ಹಾಸನದಲ್ಲಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿ. ಟೋಕಿಯೊ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಫ್ರಾನ್ಸಿನ ಮಜೂರ್ ವಿರುದ್ಧ ಮೊದಲ ಗೇಮ್ ಗೆದ್ದು ಉಳಿದೆರಡು ಸೋತರು. ಪ್ಯಾರಿಸ್ ಫೈನಲ್‌ನಲ್ಲಿ ಮತ್ತೆ ಅದೇ ಮಜೂರ್, ಮತ್ತೆ ಬೆಳ್ಳಿ. @ಸ್ಮ್ಯಾಶ್, ಕಾಲು ಉಳುಕಲಿ ಅನ್ನೋ ಆಸೆ ನನಗೂ ಅವತ್ತು ಬಂದಿತ್ತು, ಸುಮ್ನೆ ಹೇಳಿದೆ.

ಮತ್ತೆ ಚಿಕ್ಕಮಗಳೂರಿನ ರಕ್ಷಿತಾ ರಾಜು. ಕಣ್ಣು ಕಾಣಲ್ಲ. ಜೊತೆ ಓಟಗಾರನ ಕೈಗೂ ತನ್ನ ಕೈಗೂ ಒಂದು ತುಂಡು ದಾರ, ಅಷ್ಟೇ. ಹಾಗೇ ಪ್ಯಾರಿಸ್‌ನಲ್ಲಿ 1500 ಮೀಟರ್ ಓಡಿದರು. ಮೊದಲ ಹಂತದ ಹೀಟ್ಸ್ ದಾಟಲಿಲ್ಲ, ಪದಕ ಇಲ್ಲ. ನಾನು ಆ ದಾರವನ್ನೇ ನೋಡ್ತಾ ಕೂತಿದ್ದೆ. ಅಷ್ಟು ವೇಗದಲ್ಲಿ ಓಡುವಾಗಲೂ ಅದು ಬಿಗಿ ಆಗಲ್ಲ, ಸಡಿಲವಾಗೇ ತೂಗ್ತಾ ಇರುತ್ತೆ.

ಸಕಲೇಶಪುರದವಳು:

@ಹಳೇ ಹೈಜಂಪು, ತಪ್ಪಾಯಿತು, ಗಿರೀಶ ಅವರು ನಮ್ಮ ಜಿಲ್ಲೆಯವರು ಅಂತ ನನಗೆ ಗೊತ್ತಿರಲಿಲ್ಲ. ಪೆನ್ಸಿಲ್ ಗೆರೆ ಎಳೆದೆ. ನನ್ನ ತಲೆಗಿಂತ ಒಂದು ಗೇಣು ಮೇಲಿದೆ.

@ಸ್ಮ್ಯಾಶ್, ನಿಮ್ಮ ಹೆಂಡತಿಗೆ ನನ್ನ ಸಹಾನುಭೂತಿ ತಿಳಿಸಿ.

2028ರ ಲಾಸ್ ಏಂಜಲೀಸ್‌ಗೆ ಕ್ರಿಕೆಟ್ ಕೂಡ ಬರ್ತಿದೆ, ನಮ್ಮ ಯಜಮಾನರು ಈಗಲೇ ಟಿವಿ ರಿಮೋಟ್ ತಮ್ಮದು ಅಂತ ಹೇಳಿಟ್ಟಿದ್ದಾರೆ. ನೋಡೋಣ. ಅಲ್ಲಿಯ ಸಂಜೆ ಆಟ ಇಲ್ಲಿಗೆ ಬೆಳಗ್ಗೆ ಬರುತ್ತೆ, ಆ ಹೊತ್ತಲ್ಲಿ ಅವರು ತೋಟದಲ್ಲಿರ್ತಾರೆ.

ಹೇಳೋದು ಮರೆತೆ. ಪ್ಯಾರಿಸ್‌ನಲ್ಲೂ ಅದಿತಿ ಆಡಿದ್ದರು, 29ನೇ ಸ್ಥಾನ. ಟಿವಿಯಲ್ಲಿ ತೋರಿಸಿದ್ದೇ ಕಡಿಮೆ. ವಿನೇಶ್ ಗಲಾಟೆಯಲ್ಲಿ ನಾನೂ ಮರೆತಿದ್ದೆ. ಅಮ್ಮ ಒಂದು ಸಂಜೆ ಅವರೆಕಾಳು ಬಿಡಿಸ್ತಾ ಕೇಳಿದರು, "ಆ ನಡೆಯೋ ಹುಡುಗಿ ಈ ಸಲ ಬಂದಿಲ್ವೇನೇ?"