ತೋಟದ ಗಡಿಯಲ್ಲಿ ಹೊಸ ಅಗಳು: ಕೇಳಿದ ಪ್ರಶ್ನೆಗೆ ಬಂದ ಅನುಭವಗಳು

ತೀರ್ಥಹಳ್ಳಿ ತಾಲ್ಲೂಕಿನವರೊಬ್ಬರ ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೂ ಪಕ್ಕದವರ ಬ್ಯಾಣಕ್ಕೂ (ಹುಲ್ಲುಗಾವಲಿಗೂ) ನಡುವೆ ಇದ್ದ ಹಳೆಯ ಅಗಳು (ಕಂದಕ) ಧರೆ (ಮಣ್ಣಿನ ದಿಬ್ಬದ ಅಂಚು) ಕುಸಿದು ಮುಚ್ಚಿಹೋಗಿತ್ತು. ಈಗ ಅವರು ಜೆಸಿಬಿಯಿಂದ ತೆಗೆಸಿದ ಹೊಸ ಅಗಳು ನಮ್ಮ ಕಡೆಗೆ ಸರಿದಂತೆ ಕಾಣುತ್ತಿದೆ. ವೈಮನಸ್ಯವಿಲ್ಲದೆ ಸರಿಪಡಿಸಿಕೊಳ್ಳುವುದು ಹೇಗೆ?

ಸಾಗರದ ಕಡೆಯಿಂದ: ನಮ್ಮ ಮನೆಯಲ್ಲಿಯೂ ಇಂತಹದೇ ತಕರಾರು ಎದ್ದು ಇತ್ಯರ್ಥವಾಗಿರುವುದರಿಂದ ಬರೆಯುತ್ತಿದ್ದೇನೆ. ಮೊದಲನೆಯದಾಗಿ, ಅಗಳನ್ನಾಗಲಿ ಬೇಲಿಯನ್ನಾಗಲಿ ಗಡಿಯೆಂದು ಹಿಡಿದು ವಾದಕ್ಕೆ ಇಳಿಯಬೇಡಿ. ಮಲೆನಾಡಿನಲ್ಲಿ ಅವು ದನ ನುಗ್ಗದಂತೆ, ನೀರು ಬಸಿಯುವಂತೆ ಅನುಕೂಲ ನೋಡಿ ಮಾಡಿಕೊಂಡವು; ಎಷ್ಟೋ ಕಡೆ ಸರ್ವೆ ಗೆರೆಯಿಂದ ದೂರವೇ ಇರುತ್ತವೆ. ಪಹಣಿಯಲ್ಲಿ ವಿಸ್ತೀರ್ಣ ಸಿಗುತ್ತದೆಯೇ ಹೊರತು ಜಮೀನಿನ ಆಕಾರ ಸಿಗುವುದಿಲ್ಲ. ಆಕಾರವಿರುವುದು ಮೂಲ ಟಿಪ್ಪಣಿಯಲ್ಲಿ, ಅಂದರೆ ಸರ್ವೆಯವರು ಮೊದಲು ಅಳೆದಾಗ ಬರೆದ ನಕ್ಷೆಯಲ್ಲಿ. ಅದರ ನಕಲನ್ನು ಸರ್ವೆ ಇಲಾಖೆಯಿಂದ ಪಡೆದು, ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಡಿ. ಹಳೆಯ ಟಿಪ್ಪಣಿಯ ಅಳತೆ ಚೈನು ಮತ್ತು ಆಣೆಗಳಲ್ಲಿರುತ್ತದೆ: ಒಂದು ಚೈನಿಗೆ 33 ಅಡಿ, ಅದರ 16ನೇ ಒಂದು ಭಾಗ ಆಣೆ, ಅಂದರೆ ಎರಡಡಿಗಿಂತ ತುಸು ಹೆಚ್ಚು. ಇದು ತಿಳಿದಿದ್ದರೆ ಭೂಮಾಪಕರು ಏನು ಅಳೆಯುತ್ತಿದ್ದಾರೆಂಬುದನ್ನು ನೀವೂ ಅನುಸರಿಸಬಹುದು.

ನಮ್ಮಲ್ಲಿ ಒಂದು ಮೂಲೆಯ ಬಾಂದು ಕಲ್ಲು (ಗಡಿ ಕಲ್ಲು) ಕಾಣೆಯಾಗಿದೆಯೆಂದೇ ಎರಡೂ ಮನೆಯವರು ನಂಬಿದ್ದೆವು. ಭೂಮಾಪಕರು ಉಳಿದ ಕಲ್ಲುಗಳಿಂದ ಅಳೆದು ತೋರಿಸಿದ ಜಾಗದಲ್ಲಿ ಧರೆಯ ಮಣ್ಣು, ಅದರ ಮೇಲಿನ ದರಗು (ಒಣ ಎಲೆ) ಸರಿಸಿ ಅಗೆದಾಗ ಕಲ್ಲು ಅಲ್ಲಿಯೇ ಇತ್ತು. ಪಕ್ಕದ ಮನೆಯ ಹಿರಿಯರು ತಾವೇ ಕೈಯಿಂದ ಮಣ್ಣು ಒರೆಸಿ ನೋಡಿದರು. ಅವರ ಎದುರಿನಲ್ಲೇ ಸಿಕ್ಕಿದ್ದರಿಂದ ಮುಂದೆ ಮಾತೇ ಬೆಳೆಯಲಿಲ್ಲ. ಆದ್ದರಿಂದ ನೋಟಿಸು ಹೋದರೆ ಸಾಕೆಂದು ಸುಮ್ಮನಾಗದೆ, ಅಳತೆಯ ದಿನ ಬರಬೇಕೆಂದು ನೀವೇ ಅವರ ಮನೆಗೆ ಹೋಗಿ ಕರೆಯಿರಿ. ಕೊಯ್ಲು ಮುಗಿದು, ಕಳೆ ಸವರಿದ ಮೇಲೆ, ಮಳೆ ಹಿಡಿಯುವ ಮುನ್ನ ಅಳತೆ ಆಗುವಂತೆ ನೋಡಿಕೊಂಡರೆ ಒಳ್ಳೆಯದು. ಅಲ್ಲಿಯವರೆಗೆ ಹೊಸ ಅಗಳನ್ನು ಮುಚ್ಚಿಸಲು ಹೋಗಬೇಡಿ, ಫೋಟೊ ಮಾತ್ರ ತೆಗೆದಿಟ್ಟುಕೊಳ್ಳಿ.

ಹೊಸನಗರದಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಜಮೀನು ಅಣ್ಣತಮ್ಮಂದಿರ ಹೆಸರಿನಲ್ಲಿ ಒಟ್ಟಾಗಿದ್ದು ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿರದಿದ್ದರೆ ನಿಮ್ಮ ಪಾಲಿಗೆ ಪ್ರತ್ಯೇಕ ನಕ್ಷೆಯೇ ಇರುವುದಿಲ್ಲ, ಮೊದಲು ಪೋಡಿ ಮಾಡಿಸಿ. ಹದ್ದುಬಸ್ತು ಗಡಿಯನ್ನು ತೋರಿಸುತ್ತದೆಯೇ ವಿನಾ ಒತ್ತುವರಿಯಾದ ಜಾಗವನ್ನು ಬಿಡಿಸಿಕೊಡುವುದಿಲ್ಲ. ಪಕ್ಕದವರು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯವೇ ಗತಿ. ಸಂಕೋಚದಿಂದ ವರ್ಷಗಟ್ಟಲೆ ಸುಮ್ಮನಿರುವುದೂ ಅಪಾಯ, ಏಕೆಂದರೆ 12 ವರ್ಷ ಬಹಿರಂಗವಾಗಿ, ನಿಮ್ಮ ಹಕ್ಕಿಗೆ ವಿರುದ್ಧವಾಗಿ ಅನುಭವಿಸಿದ್ದೇವೆಂದು ಅವರು ಪ್ರತಿಕೂಲ ಸ್ವಾಧೀನವನ್ನು (ಹಾಗೆ ಅನುಭವಿಸಿದ ಜಾಗ ತಮ್ಮದೇ ಎಂಬ ವಾದವನ್ನು) ಮುಂದಿಡಲು ಅವಕಾಶವಾಗುತ್ತದೆ. ಅವರು ಒಪ್ಪಿದರೆ ಅದೇ ದಿನ ಕಲ್ಲು ನೆಡಿಸಿ, ಮಹಜರಿಗೆ ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿಯನ್ನು ಎರಡೂ ಮನೆಯಲ್ಲಿ ಇಟ್ಟುಕೊಳ್ಳಿ.