ಅಪ್‌ಡೇಟ್: ಪುನರ್ಪುಳಿ ಶರಬತ್ತು ಚೆನ್ನಾಗಿ ಬಂತು

ಒಣಗಿದ ಪುನರ್ಪುಳಿ (ಕೋಕಂ ಹಣ್ಣು) ಸಿಪ್ಪೆಯಿಂದ ಶರಬತ್ತು ಮಾಡುವುದು ಹೇಗೆ, ಬಣ್ಣ ಏನೂ ಸೇರಿಸದೆ ಆ ಕಡುಗೆಂಪು ಬರುತ್ತಾ ಅಂತ ಕೇಳಿದ್ದೆ. ಬರುತ್ತದೆ! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, ಅದರಲ್ಲೂ ರಾತ್ರಿಯೇ ನೆನೆಸಿಡಿ ಅಂದ ಪುತ್ತೂರಿನ ಅಕ್ಕನಿಗೆ.

ಒಂದು ಕಪ್ ಸಿಪ್ಪೆ ತೊಳೆದು 3 ಕಪ್ ನೀರಿನಲ್ಲಿ ನೆನೆಸಿದೆ. ಬೆಳಿಗ್ಗೆ ಅದೇ ನೀರಿನಲ್ಲಿ ಚೆನ್ನಾಗಿ ಕಿವುಚಿ, 10 ನಿಮಿಷ ಕುದಿಸಿ, ಸೋಸಿ, 2 ಕಪ್ ಸಕ್ಕರೆ ಹಾಕಿ ಬೆರಳಿಗೆ ಸ್ವಲ್ಪ ಅಂಟುವವರೆಗೆ ಕಾಯಿಸಿದೆ. ಕೊನೆಗೆ ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಪಾತ್ರೆ ಸ್ಟೀಲಿನದೇ ಇರಲಿ, ಇಷ್ಟು ಹುಳಿಗೆ ಅಲ್ಯೂಮಿನಿಯಂ ಬೇಡವೇ ಬೇಡ. ಒಣ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟಿದ್ದೇನೆ. ಒಂದು ಲೋಟ ತಣ್ಣೀರಿಗೆ ಮೂರ್ನಾಲ್ಕು ಚಮಚ ಸಾಕು.

ಹುಳಿ ಜಾಸ್ತಿ ಆದರೆ ಅಡುಗೆ ಸೋಡಾ ಹಾಕಿ ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಹಾಕಬೇಡಿ. ಆ ಕೆಂಪು ನಿಲ್ಲುವುದೇ ಹುಳಿಯಿಂದ, ಹುಳಿ ಹೋದರೆ ಬಣ್ಣ ನೀಲಿ ಕಡೆಗೆ ತಿರುಗುತ್ತದೆ, ರುಚಿಯೂ ಕೆಡುತ್ತದೆ. ಸುಮ್ನೆ ನೀರು, ಸಕ್ಕರೆ ಜಾಸ್ತಿ ಮಾಡಿಕೊಳ್ಳಿ.

ಇನ್ನೊಂದು, ಸಿಪ್ಪೆ ಕೊಳ್ಳುವಾಗ ಉಪ್ಪು ಹಾಕಿ ಒಣಗಿಸಿದ್ದಾ ಅಂತ ಕೇಳಿ. ಅದು ಸಾರಿಗೆ ಸರಿ, ಶರಬತ್ತಿಗೆ ಉಪ್ಪಿಲ್ಲದ್ದೇ ಬೇಕು.

ತಾಜಾ ಹಣ್ಣಿನ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಬಿಸಿಲಿಗಿಡುವ ವಿಧಾನವನ್ನೂ ಹೇಳಿದಿರಿ, ಅಲ್ವಾ? ಏಪ್ರಿಲ್-ಮೇನಲ್ಲಿ ಹಣ್ಣು ಬಂದಾಗ ಅದನ್ನೂ ಮಾಡುತ್ತೇನೆ. ಬೆಂಗಳೂರಲ್ಲಿ ತಾಜಾ ಹಣ್ಣು ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.